ತೀರ್ಮಾನಕ್ಕೆ ಬಾರದ ಗ್ರಾಹಕರೊಂದಿಗೆ ಕೆಲಸ ಮಾಡುವುದು ಹೇಗೆ: ಫ್ರೀಲ್ಯಾನ್ಸರ್‌ಗಳಿಗೆ ಒಂದು ಮಾರ್ಗದರ್ಶಿ

ಕೆಲಸ ಒಪ್ಪಿಸುವಾಗ ಉತ್ಸಾಹದಿಂದ ಮಾತನಾಡಿದ ಗ್ರಾಹಕರು ಮೊದಲ ಕರಡು ಕೈಗೆ ಬಂದ ಕೂಡಲೇ ‘ಚೆನ್ನಾಗಿದೆ, ಆದರೆ ಏನೋ ಕಡಿಮೆಯಾಗಿದೆ’ ಎನ್ನುತ್ತಾರೆ. ಆ ‘ಏನೋ’ ಏನೆಂದು ಕೇಳಿದರೆ ಅವರಲ್ಲಿ ಉತ್ತರವಿರುವುದಿಲ್ಲ. ಎರಡನೆಯ ಕರಡಿನಲ್ಲಿ ಬದಲಾಯಿಸಿದ್ದನ್ನು ಮೂರನೆಯದರಲ್ಲಿ ಮೊದಲಿನಂತೆಯೇ ಮಾಡಿಕೊಡಿ ಎನ್ನುತ್ತಾರೆ, ನಡುವೆ ವಾರಗಟ್ಟಲೆ ಸುದ್ದಿಯೇ ಇರುವುದಿಲ್ಲ. ವಿನ್ಯಾಸ, ಬರವಣಿಗೆ, ಅನುವಾದ, ಸಾಫ್ಟ್‌ವೇರ್, ವಿಡಿಯೊ ಸಂಕಲನ ಹೀಗೆ ಯಾವ ಕ್ಷೇತ್ರದಲ್ಲಿ ಸ್ವತಂತ್ರವಾಗಿ ದುಡಿಯುವವರಿಗೂ ಈ ಅನುಭವ ಹೊಸದಲ್ಲ.

ಇಂಥವರನ್ನು ‘ಕಷ್ಟದ ಗ್ರಾಹಕರು’ ಎಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ತೀರ್ಮಾನಕ್ಕೆ ಬಾರದಿರುವುದು ಬಹುಪಾಲು ಸಂದರ್ಭಗಳಲ್ಲಿ ಸ್ವಭಾವದ ದೋಷವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವುದನ್ನು ತೀರ್ಮಾನಿಸಬೇಕು, ಯಾರು ತೀರ್ಮಾನಿಸಬೇಕು, ಯಾವ ದಿನದೊಳಗೆ ತೀರ್ಮಾನಿಸಬೇಕು ಎಂಬ ಮೂರರಲ್ಲಿ ಒಂದಾದರೂ ಅವರ ಮುಂದೆ ಸ್ಪಷ್ಟವಾಗಿ ಇಲ್ಲದಿರುವುದೇ ತೊಂದರೆಯ ಮೂಲ. ಈ ಮೂರನ್ನೂ ಅವರ ಮುಂದಿಡುವುದು ನಮ್ಮ ವೃತ್ತಿಯ ಭಾಗವೇ ಹೊರತು ಗ್ರಾಹಕರಿಗೆ ಮಾಡುವ ಉಪಕಾರವಲ್ಲ. ಅದನ್ನು ಹಂತಹಂತವಾಗಿ ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹಂತ 1: ಗೊಂದಲ ಎಲ್ಲಿದೆ ಎಂಬುದನ್ನು ಗುರುತಿಸಿ

ಹೊರಗಿನಿಂದ ಒಂದೇ ರೀತಿ ಕಾಣುವ ಗೊಂದಲದ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಕೆಲವರಿಗೆ ಗುರಿಯೇ ನಿರ್ಧಾರವಾಗಿರುವುದಿಲ್ಲ. ವೆಬ್‌ಸೈಟ್ ಬೇಕೆಂದು ಬಂದಿರುತ್ತಾರೆ, ಆದರೆ ಅದರಿಂದ ಹೊಸ ಗ್ರಾಹಕರು ಬರಬೇಕೋ, ಈಗಿರುವ ಗ್ರಾಹಕರ ಫೋನ್ ಕರೆಗಳು ಕಡಿಮೆಯಾಗಬೇಕೋ, ಹೂಡಿಕೆದಾರರಿಗೆ ತೋರಿಸಲು ಏನಾದರೊಂದು ಇದ್ದರೆ ಸಾಕೋ ಎಂಬುದನ್ನು ಯೋಚಿಸಿರುವುದಿಲ್ಲ. ಇನ್ನು ಕೆಲವರಿಗೆ ಗುರಿ ತಿಳಿದಿದೆ, ಮನಸ್ಸಿನಲ್ಲಿ ಚಿತ್ರವೂ ಇದೆ, ಅದನ್ನು ಹೇಳುವ ಪದಗಳಿಲ್ಲ. ಬಣ್ಣ, ಅಕ್ಷರ ವಿನ್ಯಾಸ, ಧಾಟಿ, ಇಂಟರ್‌ಫೇಸ್ ಮುಂತಾದವನ್ನು ಕುರಿತು ಮಾತನಾಡುವ ಭಾಷೆ ನಮಗೆ ವೃತ್ತಿಯಿಂದ ಬಂದದ್ದು. ಅವರಲ್ಲಿ ಅದು ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮೂರನೆಯ ಬಗೆಯವರಿಗೆ ಎಲ್ಲವೂ ತಿಳಿದಿದೆ, ಆದರೆ ಕೊನೆಯ ಮಾತು ಅವರದಲ್ಲ. ಪಾಲುದಾರರೋ ಮೇಲಧಿಕಾರಿಯೋ ಮನೆಯವರೋ ಒಪ್ಪಬೇಕು. ನಾಲ್ಕನೆಯವರಿಗೆ ಇರುವುದು ಭಯ. ಹಿಂದೊಮ್ಮೆ ಹಣ ಕಳೆದುಕೊಂಡಿರುತ್ತಾರೆ, ಅಥವಾ ತಪ್ಪು ಆಯ್ಕೆ ಮಾಡಿದರೆ ತಮ್ಮ ಸ್ಥಾನಕ್ಕೇ ಕುತ್ತು ಬರಬಹುದೆಂಬ ಆತಂಕದಲ್ಲಿರುತ್ತಾರೆ.

ಇವುಗಳ ಲಕ್ಷಣಗಳು ಬೇರೆ ಬೇರೆ. ಪದಗಳಿಲ್ಲದವರಿಗೆ ಒಂದು ಮಾದರಿ ತೋರಿಸಿದರೆ ‘ಇದಲ್ಲ’ ಅಥವಾ ‘ಹೀಗೇ’ ಎಂದು ತಕ್ಷಣ ಹೇಳಿಬಿಡುತ್ತಾರೆ. ಅಧಿಕಾರವಿಲ್ಲದವರು ‘ನೋಡಿ ಹೇಳುತ್ತೇನೆ’ ಎಂದು ಹೋಗಿ, ಮರುದಿನ ತಮ್ಮದೇ ಹಿಂದಿನ ಮಾತಿಗೆ ಹೊಂದದ ಅಭಿಪ್ರಾಯದೊಂದಿಗೆ ಬರುತ್ತಾರೆ. ಭಯವಿರುವವರು ಇನ್ನೂ ನಾಲ್ಕು ಆಯ್ಕೆಗಳನ್ನು ಕೇಳುತ್ತಾರೆ, ಬೇರೆಯವರು ಏನು ಮಾಡಿದ್ದಾರೆಂದು ಪದೇಪದೇ ವಿಚಾರಿಸುತ್ತಾರೆ. ಪರಿಹಾರ ಅದಲುಬದಲಾದರೆ ತೊಂದರೆ ಹೆಚ್ಚುತ್ತದೆ: ಹೆದರಿದವರಿಗೆ ಹೆಚ್ಚು ಆಯ್ಕೆಗಳನ್ನು ಕೊಟ್ಟರೆ ಹೆದರಿಕೆ ಬೆಳೆಯುತ್ತದೆ, ಪದಗಳಿಲ್ಲದವರಿಗೆ ಉದ್ದನೆಯ ಪ್ರಶ್ನಾವಳಿ ಕಳುಹಿಸಿದರೆ ಅವರು ಅದನ್ನು ತುಂಬದೆ ಬದಿಗಿಡುತ್ತಾರೆ.

ಹಂತ 2: ಮೊದಲ ಮಾತುಕತೆಯಲ್ಲಿ ವಸ್ತುವಿನ ಬಗ್ಗೆ ಅಲ್ಲ, ಸಮಸ್ಯೆಯ ಬಗ್ಗೆ ಕೇಳಿ

‘ನಿಮಗೆ ಹೇಗಿರಬೇಕು?’ ಎಂಬ ಪ್ರಶ್ನೆ ಸಹಜವಾಗಿ ಕಂಡರೂ ಅಸ್ಪಷ್ಟ ಗ್ರಾಹಕರಿಗೆ ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ, ಏಕೆಂದರೆ ಅವರು ನಮ್ಮ ಬಳಿ ಬಂದಿರುವುದೇ ಅದು ತಿಳಿಯದೆ. ಅದರ ಬದಲು ಅವರಿಗೆ ಖಚಿತವಾಗಿ ಗೊತ್ತಿರುವ ಸಂಗತಿಗಳಿಂದ ಆರಂಭಿಸಬೇಕು. ಈ ಕೆಲಸ ಈಗಲೇ ಏಕೆ ಬೇಕಾಯಿತು? ಇದನ್ನು ಮಾಡದೆ ಇದ್ದರೆ ಮುಂದಿನ ಆರು ತಿಂಗಳಲ್ಲಿ ಏನಾಗುತ್ತದೆ? ಇದನ್ನು ನೋಡುವವರು ಅಥವಾ ಬಳಸುವವರು ಯಾರು, ನೋಡಿದ ಮೇಲೆ ಅವರು ಏನು ಮಾಡಬೇಕು? ಹಿಂದೆ ಇದೇ ಕೆಲಸಕ್ಕೆ ಪ್ರಯತ್ನಿಸಿದ್ದರೆ ಅದು ಎಲ್ಲಿ ನಿಂತಿತು? ಯಾವುದನ್ನು ಕಂಡರೆ ಖಂಡಿತವಾಗಿ ಬೇಡವೆನ್ನುತ್ತೀರಿ?

ಕೊನೆಯ ಪ್ರಶ್ನೆಯ ಬೆಲೆಯನ್ನು ಬಹಳ ಮಂದಿ ಅರಿತಿಲ್ಲ. ಬೇಕಾದದ್ದನ್ನು ವಿವರಿಸಲಾಗದವರೂ ಬೇಡವಾದದ್ದನ್ನು ಬಹಳ ನಿಖರವಾಗಿ ಹೇಳಬಲ್ಲರು. ಒಂದು ಲೋಗೋ ಕೆಲಸವನ್ನು ಊಹಿಸಿಕೊಳ್ಳಿ. ಗ್ರಾಹಕರು ‘ಆಧುನಿಕವಾಗಿರಲಿ, ಆದರೆ ಗಾಂಭೀರ್ಯ ಇರಲಿ’ ಎನ್ನುತ್ತಾರೆ. ಈ ಮಾತಿನಿಂದ ಒಂದು ಗೆರೆಯನ್ನೂ ಎಳೆಯಲಾಗದು. ಅದೇ ವಲಯದ ಹತ್ತು ಲೋಗೋಗಳನ್ನು ಪರದೆಯ ಮೇಲಿಟ್ಟು, ಇಷ್ಟವಾಗದವನ್ನು ಒಂದೊಂದಾಗಿ ತೆಗೆದುಹಾಕಿ ಪ್ರತಿಯೊಂದಕ್ಕೂ ಒಂದು ಕಾರಣ ಹೇಳಿ ಎಂದು ಕೇಳಿ ನೋಡಿ. ‘ಇದು ಮಕ್ಕಳ ಆಟಿಕೆಯಂತಿದೆ’, ‘ಇದರಲ್ಲಿ ಹೆಸರೇ ಕಾಣುವುದಿಲ್ಲ’, ‘ಇದು ಬ್ಯಾಂಕಿನದ್ದಿರಬೇಕು’ ಎಂಬ ಮಾತುಗಳು ಬರುತ್ತವೆ. ಅಲ್ಲಿಗೆ ದುಂಡಗಿನ ಅಕ್ಷರಗಳು ಬೇಡ, ಚಿಹ್ನೆಗಿಂತ ಹೆಸರು ಮುಖ್ಯ, ಕಡು ನೀಲಿಯಿಂದ ದೂರವಿರಬೇಕು ಎಂಬ ಮೂರು ಸೂಚನೆಗಳು ನಿಮ್ಮ ಕೈಯಲ್ಲಿರುತ್ತವೆ. ಅವನ್ನು ಅಲ್ಲಿಯೇ ಗಟ್ಟಿಯಾಗಿ ಓದಿ ಹೇಳಿ, ಹೌದೆನಿಸಿಕೊಳ್ಳಿ.

ಇದೇ ಮಾತುಕತೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಕೊನೆಯ ಒಪ್ಪಿಗೆ ಯಾರದು ಎಂಬುದು. ನೇರವಾಗಿ ‘ನಿಮಗೆ ಅಧಿಕಾರವಿದೆಯೇ?’ ಎಂದರೆ ಎದುರಿನವರಿಗೆ ನೋವಾಗುತ್ತದೆ. ‘ಕೆಲಸ ಮುಗಿದಾಗ ನಿಮ್ಮ ಜೊತೆ ಇನ್ನು ಯಾರು ನೋಡುತ್ತಾರೆ? ಅವರಲ್ಲಿ ಯಾರು ಬೇಡವೆಂದರೆ ಕೆಲಸ ನಿಲ್ಲುತ್ತದೆ?’ ಎಂದು ಕೇಳಿದರೆ ಸಂಕೋಚವಿಲ್ಲದೆ ಉತ್ತರ ಬರುತ್ತದೆ. ಹಾಗೆ ಹೆಸರಿಸಿದ ವ್ಯಕ್ತಿ ಮೊದಲ ಮಾತುಕತೆಯಲ್ಲಿ ಇಲ್ಲದಿದ್ದರೆ, ಮೊದಲ ಕರಡು ತೋರಿಸುವಾಗಲಾದರೂ ಅವರು ಇರಬೇಕೆಂದು ಆಗಲೇ ಗೊತ್ತುಮಾಡಿಕೊಳ್ಳಿ. ಕೆಲಸ ಮುಕ್ಕಾಲು ಭಾಗ ಮುಗಿದ ಮೇಲೆ ಹೊಸದಾಗಿ ಬಂದು ಕುಳಿತ ಪಾಲುದಾರರೊಬ್ಬರು ಬುಡದಿಂದಲೇ ಬದಲಾಯಿಸಿ ಎಂದಾಗ ಆಗುವ ನಷ್ಟ ಬೇರಾವ ಕಾರಣದಿಂದಲೂ ಆಗುವುದಿಲ್ಲ.

ಹಂತ 3: ಕೇಳಿಸಿಕೊಂಡದ್ದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿ

ಮಾತುಕತೆ ಮುಗಿದ ದಿನವೇ, ಹೆಚ್ಚೆಂದರೆ ಮರುದಿನ, ನೀವು ಅರ್ಥಮಾಡಿಕೊಂಡದ್ದನ್ನು ಬರೆಯಿರಿ. ಖಾಲಿ ಹಾಳೆಯನ್ನು ತುಂಬಲಾಗದ ಗ್ರಾಹಕರು ಬರೆದಿಟ್ಟ ಹಾಳೆಯಲ್ಲಿನ ತಪ್ಪನ್ನು ಸಲೀಸಾಗಿ ತಿದ್ದುತ್ತಾರೆ. ಆದ್ದರಿಂದ ನಿಮಗೆ ಅನುಮಾನವಿರುವ ಕಡೆಯೂ ಒಂದು ಊಹೆಯನ್ನು ಬರೆದು, ಅದು ಊಹೆಯೆಂದು ಗುರುತು ಹಾಕಿ. ಆ ಪುಟದಲ್ಲಿ ಕೆಲಸದ ಉದ್ದೇಶ, ಯಾರಿಗಾಗಿ, ನೀವು ಕೊಡಲಿರುವ ವಸ್ತುಗಳು, ಈ ಕೆಲಸದಲ್ಲಿ ಸೇರದ ಸಂಗತಿಗಳು, ಗ್ರಾಹಕರು ನಿಮಗೆ ಒದಗಿಸಬೇಕಾದದ್ದು, ಒಪ್ಪಿಗೆ ಕೊಡುವವರ ಹೆಸರು ಮತ್ತು ದಿನಾಂಕಗಳು ಇರಬೇಕು. ‘ಸೇರದ ಸಂಗತಿಗಳು’ ಎಂಬ ಭಾಗವನ್ನು ಬಿಡಬೇಡಿ. ಮುಂದೆ ಬರುವ ಮನಸ್ತಾಪಗಳಲ್ಲಿ ಹೆಚ್ಚಿನವು ಇಬ್ಬರೂ ಬಾಯಿಬಿಟ್ಟು ಹೇಳದೆ ತಮ್ಮ ತಮ್ಮಲ್ಲೇ ಅಂದುಕೊಂಡದ್ದರಿಂದ ಹುಟ್ಟುತ್ತವೆ.

ಪಟ್ಟಿ ಉದ್ದವಾಗಿ ಎಲ್ಲವೂ ತುರ್ತು ಎಂದು ಗ್ರಾಹಕರು ಹೇಳುತ್ತಿದ್ದರೆ, ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಮಾಸ್ಕೋ ಎಂದು ಕರೆಯುವ ವಿಂಗಡಣೆ ಯಾವ ಕೆಲಸಕ್ಕೂ ಹೊಂದುತ್ತದೆ. ಒರಾಕಲ್ ಸಂಸ್ಥೆಯಲ್ಲಿದ್ದ ಡಾಯ್ ಕ್ಲೆಗ್ 1994ರಲ್ಲಿ ರೂಪಿಸಿದ ಈ ಕ್ರಮದಲ್ಲಿ ಬೇಡಿಕೆಗಳನ್ನು ಇರಲೇಬೇಕಾದವು, ಇರಬೇಕಾದವು, ಇದ್ದರೆ ಒಳ್ಳೆಯದು, ಈ ಸಲ ಬೇಡ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ನಾಲ್ಕನೆಯ ಗುಂಪಿಗೆ ‘ಈ ಸಲ’ ಎಂಬ ಪದ ಸೇರಿರುವುದರಿಂದಲೇ ಗ್ರಾಹಕರು ಅದನ್ನು ಒಪ್ಪುತ್ತಾರೆ. ತಮ್ಮ ಆಸೆಯನ್ನು ಕೈಬಿಟ್ಟಂತೆ ಅವರಿಗೆ ಅನಿಸುವುದಿಲ್ಲ.

ಹಂತ 4: ಸ್ಪಷ್ಟತೆ ಇನ್ನೂ ಬಾರದಿದ್ದರೆ ಪೂರ್ತಿ ಕೆಲಸಕ್ಕೆ ಬೆಲೆ ಹೇಳಬೇಡಿ

ಒಂದು ಪುಟವೂ ತುಂಬದಷ್ಟು ಅಸ್ಪಷ್ಟವಾದ ಕೆಲಸಕ್ಕೆ ನಿಗದಿತ ಮೊತ್ತ ಹೇಳುವುದು ಇಬ್ಬರಿಗೂ ಹಾನಿಕರ. ಸಾಫ್ಟ್‌ವೇರ್ ಅಂದಾಜುಗಳನ್ನು ಅಧ್ಯಯನ ಮಾಡಿದ ಬ್ಯಾರಿ ಬೋಮ್, ಯೋಜನೆಯ ತೀರ ಆರಂಭದ ಹಂತದಲ್ಲಿ ಮಾಡಿದ ಅಂದಾಜು ನಿಜವಾದ ವೆಚ್ಚದ ನಾಲ್ಕು ಪಟ್ಟಿನಷ್ಟು ಮೇಲಕ್ಕೂ ನಾಲ್ಕನೇ ಒಂದರಷ್ಟು ಕೆಳಕ್ಕೂ ಹೋಗಬಹುದೆಂದು 1981ರಲ್ಲೇ ತೋರಿಸಿದ್ದರು. ಬೇರೆ ಕ್ಷೇತ್ರಗಳಲ್ಲಿ ಈ ಅಂತರ ಹೆಚ್ಚುಕಡಿಮೆ ಇರಬಹುದು, ಕಾರಣ ಮಾತ್ರ ಒಂದೇ: ಇನ್ನೂ ತೆಗೆದುಕೊಳ್ಳದ ತೀರ್ಮಾನಗಳ ವೆಚ್ಚವನ್ನು ಯಾರೂ ಲೆಕ್ಕ ಹಾಕಲಾರರು.

ಇಂಥ ಸಂದರ್ಭದಲ್ಲಿ ಸ್ಪಷ್ಟತೆ ತರುವುದನ್ನೇ ಒಂದು ಸಣ್ಣ, ಪ್ರತ್ಯೇಕ, ಶುಲ್ಕವಿರುವ ಕೆಲಸವಾಗಿ ಮುಂದಿಡಿ. ಎರಡು ಮಾತುಕತೆ, ಈಗಿರುವ ಸಾಮಗ್ರಿಯ ಪರಿಶೀಲನೆ, ಒಂದು ಕಚ್ಚಾ ನಕ್ಷೆ ಮತ್ತು ಒಂದು ವಿವರವಾದ ಯೋಜನಾ ಪತ್ರ, ಇಷ್ಟನ್ನು ನಿಗದಿತ ಮೊತ್ತಕ್ಕೆ ಕೊಡುವುದಾಗಿ ಹೇಳಿ. ಆ ಪತ್ರವನ್ನು ಹಿಡಿದು ಗ್ರಾಹಕರು ಬೇರೆಯವರ ಬಳಿ ಹೋಗಲೂ ಸ್ವತಂತ್ರರು ಎಂಬುದನ್ನು ಸ್ಪಷ್ಟಪಡಿಸಿ. ಹಾಗೆ ಹೇಳಿದರೆ ಅವರ ನಂಬಿಕೆ ಹೆಚ್ಚುತ್ತದೆ. ಇದಕ್ಕೂ ಒಪ್ಪದವರಿದ್ದರೆ ಗಂಟೆಯ ಅಥವಾ ವಾರದ ಲೆಕ್ಕದಲ್ಲಿ, ಒಂದು ಮೇಲಿನ ಮಿತಿ ಇಟ್ಟುಕೊಂಡು ಕೆಲಸ ಮಾಡಬಹುದು. ಆ ಮಿತಿಯ ಮುಕ್ಕಾಲು ಭಾಗ ಮುಟ್ಟಿದಾಗ ತಿಳಿಸುವುದಾಗಿ ಬರವಣಿಗೆಯಲ್ಲೇ ಹೇಳಿಡಿ.

ಹಂತ 5: ಒಪ್ಪಂದದಲ್ಲಿ ತೀರ್ಮಾನಗಳಿಗೂ ಜಾಗ ಕೊಡಿ

ಸಾಮಾನ್ಯ ಒಪ್ಪಂದಗಳು ಕೆಲಸ ಮತ್ತು ಹಣವನ್ನು ಕುರಿತು ಮಾತನಾಡುತ್ತವೆ, ತೀರ್ಮಾನಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಬಗೆಯ ಗ್ರಾಹಕರ ಜೊತೆ ಕೆಳಗಿನ ಅಂಶಗಳು ಬೇಕೇಬೇಕು.

ಪರಿಷ್ಕರಣೆಯ ಸುತ್ತುಗಳ ಸಂಖ್ಯೆಯನ್ನು ಬರೆಯಿರಿ, ಒಂದು ಸುತ್ತು ಎಂದರೇನೆಂಬುದನ್ನೂ ಬರೆಯಿರಿ. ‘ಒಂದೇ ಪತ್ರದಲ್ಲಿ, ಒಬ್ಬರೇ ವ್ಯಕ್ತಿಯಿಂದ ಬಂದ ಒಟ್ಟು ಬದಲಾವಣೆಗಳು ಒಂದು ಸುತ್ತು’ ಎಂಬ ವಿವರಣೆ ಇಲ್ಲದಿದ್ದರೆ, ದಿನಕ್ಕೆ ಮೂರು ಸಂದೇಶಗಳಂತೆ ಬಂದ ಸಲಹೆಗಳೆಲ್ಲ ಸೇರಿ ಒಂದೇ ಸುತ್ತೆಂದು ವಾದಿಸಲು ದಾರಿಯಾಗುತ್ತದೆ. ಎಷ್ಟು ಬೇಕಾದರೂ ಪರಿಷ್ಕರಣೆ ಮಾಡಿಕೊಡುತ್ತೇನೆಂಬ ಭರವಸೆಯನ್ನು ಎಂದಿಗೂ ಕೊಡಬೇಡಿ. ಅದು ಉದಾರವಾಗಿ ಕಂಡರೂ ಹಿಂಜರಿಯುವವರಿಗೆ ತೀರ್ಮಾನವನ್ನು ಮುಂದೂಡುವ ಅನುಮತಿಯಾಗಿಯೇ ಕೆಲಸ ಮಾಡುತ್ತದೆ.

ಹಣದ ಕಂತುಗಳನ್ನು ‘ತೃಪ್ತಿಯಾದ ಮೇಲೆ’ ಎಂಬ ಮಾತಿಗೆ ಕಟ್ಟಬೇಡಿ. ಮುಂಗಡ ಪಡೆದು, ಉಳಿದದ್ದನ್ನು ದಿನಾಂಕಗಳಿಗೆ ಅಥವಾ ನೀವು ಕೊಟ್ಟ ವಸ್ತುಗಳಿಗೆ ಹೊಂದಿಸಿ. ಗ್ರಾಹಕರಿಂದ ಇಂತಿಷ್ಟು ದಿನ ಉತ್ತರ ಬಾರದಿದ್ದರೆ ಕೆಲಸ ತಾತ್ಕಾಲಿಕವಾಗಿ ನಿಲ್ಲುತ್ತದೆ, ಮತ್ತೆ ಆರಂಭಿಸಲು ನಿಮ್ಮ ವೇಳಾಪಟ್ಟಿಯಲ್ಲಿ ಜಾಗ ಸಿಗುವವರೆಗೆ ಕಾಯಬೇಕಾಗುತ್ತದೆ ಎಂಬ ಷರತ್ತು ಇರಲಿ. ಉತ್ತರವಿಲ್ಲದಿದ್ದರೆ ಒಪ್ಪಿಗೆಯೆಂದೇ ಪರಿಗಣಿಸುವ ಷರತ್ತನ್ನು ಕೆಲವರು ಬಳಸುತ್ತಾರೆ. ಸಣ್ಣ ವಿಷಯಗಳಿಗೆ ಅದು ಸರಿ, ಆದರೆ ಮುದ್ರಣಕ್ಕೆ ಹೋಗುವ ಪ್ರತಿಯಂಥ ಹಿಂತಿರುಗಿಸಲಾಗದ ಕೆಲಸಗಳಲ್ಲಿ ಮೌನವನ್ನು ಒಪ್ಪಿಗೆಯೆಂದು ಹಿಡಿಯುವುದನ್ನು ನಾನು ಸಮರ್ಥಿಸುವುದಿಲ್ಲ. ಕೆಲಸ ನಡುವೆಯೇ ರದ್ದಾದರೆ ಎಷ್ಟು ಸಲ್ಲಬೇಕು, ಅಲ್ಲಿಯವರೆಗಿನ ಕರಡುಗಳ ಹಕ್ಕು ಯಾರದು ಎಂಬುದೂ ಬರವಣಿಗೆಯಲ್ಲಿರಬೇಕು.

ಹಂತ 6: ದೊಡ್ಡ ತೀರ್ಮಾನ ಮೊದಲು, ಸಣ್ಣದು ಆಮೇಲೆ

ಕೆಲಸ ಆರಂಭವಾದ ಮೇಲೆ ಗ್ರಾಹಕರ ಮುಂದೆ ಒಮ್ಮೆಗೆ ಒಂದೇ ತೀರ್ಮಾನವನ್ನು ಇಡಿ. ವೆಬ್‌ಸೈಟ್ ಆಗಿದ್ದರೆ ಮೊದಲು ಪುಟಗಳ ಪಟ್ಟಿ, ನಂತರ ಪ್ರತಿ ಪುಟದಲ್ಲಿ ಏನಿರಬೇಕು, ನಂತರ ವಿನ್ಯಾಸ, ಕೊನೆಗೆ ಬಣ್ಣ. ಲೇಖನ ಅಥವಾ ಪುಸ್ತಕವಾಗಿದ್ದರೆ ಮೊದಲು ಓದುಗರು ಯಾರೆಂಬುದು, ನಂತರ ಅಧ್ಯಾಯಗಳ ಕ್ರಮ, ಆಮೇಲೆ ಒಂದು ಮಾದರಿ ಪುಟದ ಧಾಟಿ. ಬಣ್ಣಬಣ್ಣದ ಪೂರ್ಣ ವಿನ್ಯಾಸವನ್ನು ಮೊದಲೇ ತೋರಿಸಿದರೆ, ಪುಟಗಳ ವ್ಯವಸ್ಥೆಯ ಬಗ್ಗೆ ಯೋಚಿಸಬೇಕಾದವರು ಗುಂಡಿಯ ಬಣ್ಣದ ಬಗ್ಗೆ ಚರ್ಚಿಸುತ್ತಾರೆ. ಆದ್ದರಿಂದ ಆರಂಭದ ಕರಡುಗಳು ಕಚ್ಚಾ ಆಗಿಯೇ ಕಾಣಲಿ: ಕಪ್ಪು ಗೆರೆಯ ಚೌಕಟ್ಟುಗಳು, ಕೈಬರಹದ ನಕ್ಷೆ, ಅಂಶಗಳ ರೂಪದ ಟಿಪ್ಪಣಿ. ಅಚ್ಚುಕಟ್ಟಾಗಿ ಮುಗಿದಂತೆ ಕಾಣುವುದನ್ನು ಟೀಕಿಸಲು ಜನ ಹಿಂಜರಿಯುತ್ತಾರೆ, ಕಚ್ಚಾ ಕರಡನ್ನಾದರೆ ಧೈರ್ಯವಾಗಿ ತಿದ್ದುತ್ತಾರೆ.

ಆಯ್ಕೆಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, 24 ಬಗೆಯ ಜಾಮ್ ಇಟ್ಟ ಮೇಜಿನ ಬಳಿ ನಿಂತವರಲ್ಲಿ ಶೇ 3ರಷ್ಟು ಮಂದಿ ಮಾತ್ರ ಕೊಂಡರೆ, 6 ಬಗೆ ಇಟ್ಟ ಮೇಜಿನ ಬಳಿ ನಿಂತವರಲ್ಲಿ ಸುಮಾರು ಶೇ 30ರಷ್ಟು ಮಂದಿ ಕೊಂಡಿದ್ದರು. 2010ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಈ ಪರಿಣಾಮ ಎಲ್ಲ ಕಡೆಯೂ ಕಾಣುವುದಿಲ್ಲವೆಂದು ಹೇಳಿತು, ಹಾಗಾಗಿ ಇದನ್ನು ನಿಯಮವೆಂದು ಹಿಡಿಯಬೇಕಿಲ್ಲ. ಆದರೆ ತಮಗೆ ಏನು ಬೇಕೆಂದು ಮೊದಲೇ ತಿಳಿಯದವರ ವಿಷಯದಲ್ಲಿ ಎಚ್ಚರ ಅಗತ್ಯ. ಎರಡು ಅಥವಾ ಮೂರು ಆಯ್ಕೆ ಸಾಕು. ಅವು ಒಂದರಿಂದೊಂದು ನಿಜವಾಗಿಯೂ ಬೇರೆಯಾಗಿರಲಿ, ಪ್ರತಿಯೊಂದರ ಲಾಭ ನಷ್ಟ ಎರಡೆರಡು ಸಾಲಿನಲ್ಲಿರಲಿ, ಕೊನೆಗೆ ನಿಮ್ಮ ಶಿಫಾರಸು ಯಾವುದು ಮತ್ತು ಏಕೆ ಎಂಬುದು ಇರಲೇಬೇಕು. ‘ನಿಮಗೆ ಯಾವುದು ಇಷ್ಟವೋ ಅದು’ ಎಂದು ಬಿಟ್ಟುಬಿಡುವುದು ವಿನಯದಂತೆ ಕಂಡರೂ, ಅನುಭವಿಯ ಸಲಹೆಗಾಗಿ ಹಣ ಕೊಟ್ಟವರನ್ನು ನಡುದಾರಿಯಲ್ಲಿ ಕೈಬಿಟ್ಟಂತೆ. ಮುಖ್ಯವಾಗಿ ಭಯವಿರುವ ಗ್ರಾಹಕರಿಗೆ, ಈ ಆಯ್ಕೆಯನ್ನು ಮುಂದೆ ಬದಲಾಯಿಸಲು ಸಾಧ್ಯವೇ, ಸಾಧ್ಯವಾದರೆ ಎಷ್ಟು ಶ್ರಮ ಬೇಕು ಎಂಬುದನ್ನು ಹೇಳಿ. ಹಿಂದಕ್ಕೆ ಬರಲು ದಾರಿಯಿದೆಯೆಂದು ತಿಳಿದಾಗ ಮುಂದಕ್ಕೆ ಹೋಗಲು ಒಪ್ಪುತ್ತಾರೆ.

ಹಂತ 7: ಅಭಿಪ್ರಾಯ ಕೇಳುವ ರೀತಿಯನ್ನು ಬದಲಾಯಿಸಿ

‘ಹೇಗಿದೆ?’ ಎಂದು ಕೇಳಿದರೆ ಅಭಿರುಚಿಯ ಮಾತು ಬರುತ್ತದೆ. ‘ಮೊದಲ ಸಲ ಬಂದವರಿಗೆ ಈ ಪುಟದಿಂದ ನಿಮ್ಮ ಸೇವೆ ಏನೆಂದು ತಿಳಿಯುತ್ತದೆಯೇ?’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಪ್ರತಿ ಕರಡಿನ ಜೊತೆ ಮೂರಕ್ಕೆ ಮೀರದ ನಿರ್ದಿಷ್ಟ ಪ್ರಶ್ನೆಗಳನ್ನು ಕಳುಹಿಸಿ, ಈ ಸುತ್ತಿನಲ್ಲಿ ಯಾವುದರ ಬಗ್ಗೆ ಅಭಿಪ್ರಾಯ ಬೇಕಿಲ್ಲ ಎಂಬುದನ್ನೂ ತಿಳಿಸಿ.

ವಿಶೇಷಣಗಳು ಬಂದಾಗ ಅವನ್ನು ಹಾಗೆಯೇ ಸ್ವೀಕರಿಸಬೇಡಿ. ಬರಹದ ಬಗ್ಗೆ ‘ಇನ್ನೂ ಸ್ವಲ್ಪ ಜೀವಂತಿಕೆ ಬೇಕು’ ಎಂದರೆ, ಯಾವ ಸಾಲಿನಲ್ಲಿ ನಿರ್ಜೀವವೆನಿಸಿತು ಎಂದು ಕೇಳಿ. ಅವರು ಒಂದು ಪರಿಚ್ಛೇದವನ್ನು ತೋರಿಸುತ್ತಾರೆ. ಆ ಪರಿಚ್ಛೇದವನ್ನು ಎರಡು ರೀತಿಯಲ್ಲಿ ಬರೆಯಿರಿ: ಒಂದರಲ್ಲಿ ವಾಕ್ಯಗಳನ್ನು ಚಿಕ್ಕದಾಗಿಸಿ, ಇನ್ನೊಂದರಲ್ಲಿ ಓದುಗರನ್ನು ನೇರವಾಗಿ ‘ನೀವು’ ಎಂದು ಸಂಬೋಧಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ಹತ್ತಿರವೆಂದು ಕೇಳಿ. ಪೂರ್ತಿ ಬರಹವನ್ನು ಮತ್ತೆ ಬರೆಯದೆಯೇ ಅವರ ‘ಜೀವಂತಿಕೆ’ಯ ಅರ್ಥ ಸಿಕ್ಕಿತು.

ಹಲವರಿಂದ ಬಂದ ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ನಡುವೆ ನಿಂತು ರಾಜಿ ಮಾಡಿಸುವ ಕೆಲಸವನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಎರಡೂ ಅಭಿಪ್ರಾಯಗಳನ್ನು ಒಂದೇ ಪತ್ರದಲ್ಲಿ ಅಕ್ಕಪಕ್ಕ ಬರೆದು, ಒಪ್ಪಂದದಲ್ಲಿ ಹೆಸರಿರುವ ವ್ಯಕ್ತಿಗೆ ಕಳುಹಿಸಿ, ಅವರ ಉತ್ತರ ಬರುವವರೆಗೆ ಆ ಭಾಗವನ್ನು ಮುಟ್ಟದಿರಿ.

ಹಂತ 8: ಮನಸ್ಸು ಬದಲಾದಾಗ ಬೆಲೆಯನ್ನು ಮೊದಲು ಹೇಳಿ, ಕೆಲಸವನ್ನು ಆಮೇಲೆ ಮಾಡಿ

ಮನಸ್ಸು ಬದಲಾಯಿಸುವ ಹಕ್ಕು ಗ್ರಾಹಕರಿಗಿದೆ. ಆ ಬದಲಾವಣೆಯ ಪರಿಣಾಮ ತಿಳಿಯುವ ಹಕ್ಕೂ ಅವರಿಗಿದೆ, ಅದನ್ನು ತಿಳಿಸದೆ ಒಳಗೊಳಗೇ ಸಿಟ್ಟಾಗಿ ಕೆಲಸ ಮಾಡಿಕೊಡುವುದು ಇಬ್ಬರಿಗೂ ಅನ್ಯಾಯ. ಪ್ರತಿ ಕರೆಯ ನಂತರ ಎರಡು ಮೂರು ಸಾಲಿನ ಟಿಪ್ಪಣಿ ಕಳುಹಿಸುವ ರೂಢಿಯಿದ್ದರೆ ಹಿಂದಿನ ತೀರ್ಮಾನದ ದಾಖಲೆ ನಿಮ್ಮ ಬಳಿ ಇದ್ದೇ ಇರುತ್ತದೆ. ಆಗ ಪತ್ರ ಹೀಗಿರಬಹುದು:

‘ನಮಸ್ಕಾರ. ಮುಖಪುಟದಲ್ಲಿ ವಿಡಿಯೊ ಬೇಡ, ಚಿತ್ರ ಸಾಕು ಎಂದು ಕಳೆದ ವಾರದ ಕರೆಯಲ್ಲಿ ನಿರ್ಧರಿಸಿದ್ದೆವು. ಈಗ ವಿಡಿಯೊ ಬೇಕೆಂದು ತಿಳಿಸಿದ್ದೀರಿ. ಇದು ಸಾಧ್ಯ. ಇದಕ್ಕೆ ನಾಲ್ಕು ದಿನ ಹೆಚ್ಚು ಬೇಕಾಗುತ್ತದೆ ಮತ್ತು ಜೊತೆಗಿರುವ ಪಟ್ಟಿಯಂತೆ ಹೆಚ್ಚುವರಿ ಶುಲ್ಕ ಸೇರುತ್ತದೆ. ಹಿಂದಿನ ತೀರ್ಮಾನದಂತೆಯೇ ಮುಂದುವರಿದರೆ ದಿನಾಂಕ ಬದಲಾಗುವುದಿಲ್ಲ, ವಿಡಿಯೊವನ್ನು ಮುಂದಿನ ಹಂತದಲ್ಲಿ ಸೇರಿಸಬಹುದು. ನನ್ನ ಸಲಹೆ ಎರಡನೆಯದು, ಏಕೆಂದರೆ ವಿಡಿಯೊದ ಪಠ್ಯ ಇನ್ನೂ ಸಿದ್ಧವಾಗಿಲ್ಲ. ಗುರುವಾರದೊಳಗೆ ಯಾವುದೆಂದು ತಿಳಿಸಿದರೆ ಅದರಂತೆ ಮುಂದುವರಿಯುತ್ತೇನೆ.’

ಈ ಪತ್ರದಲ್ಲಿ ಆಪಾದನೆಯಿಲ್ಲ, ನಿರಾಕರಣೆಯೂ ಇಲ್ಲ. ಬದಲಾವಣೆ ನಿಜವಾಗಿ ಅಗತ್ಯವಿದ್ದವರು ಒಪ್ಪುತ್ತಾರೆ, ಆ ಕ್ಷಣದ ಹುಮ್ಮಸ್ಸಿನಿಂದ ಕೇಳಿದವರು ಹಿಂದೆ ಸರಿಯುತ್ತಾರೆ. ತೀರ ಸಣ್ಣ ಬದಲಾವಣೆಯನ್ನು ಶುಲ್ಕವಿಲ್ಲದೆ ಮಾಡಿಕೊಡಲು ನೀವು ಬಯಸಿದರೂ, ಬಿಲ್ಲಿನಲ್ಲಿ ಅದರ ಮೊತ್ತವನ್ನು ತೋರಿಸಿ ರಿಯಾಯಿತಿ ಎಂದು ನಮೂದಿಸಿ.

ಹಂತ 9: ಮೌನವನ್ನು ನಿಭಾಯಿಸಿ

ಉತ್ತರ ಬಾರದಿದ್ದಾಗ ‘ಏನಾಯಿತು?’ ಎಂದು ಮತ್ತೆ ಮತ್ತೆ ಕೇಳುವುದರಿಂದ ಗ್ರಾಹಕರ ಅಪರಾಧಿ ಭಾವ ಬೆಳೆದು ಅವರು ಇನ್ನಷ್ಟು ದೂರ ಸರಿಯುತ್ತಾರೆ. ಅದಕ್ಕಿಂತ, ಹೌದು ಅಥವಾ ಅಲ್ಲ ಎಂಬಷ್ಟರಲ್ಲೇ ಮುಗಿಯುವ ಪ್ರಶ್ನೆಯೊಂದನ್ನು ಕಳುಹಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಹತ್ತು ನಿಮಿಷದ ಕರೆಗೆ ಎರಡು ಸಮಯಗಳನ್ನು ಸೂಚಿಸಿ. ಆಗಲೂ ಮೌನವಾದರೆ, ಒಪ್ಪಂದದಂತೆ ಇಂಥ ದಿನದಿಂದ ಕೆಲಸ ನಿಲ್ಲಿಸುತ್ತಿರುವುದಾಗಿ ಶಾಂತವಾಗಿ ತಿಳಿಸಿ, ಅಲ್ಲಿಯವರೆಗಿನ ಬಿಲ್ ಕಳುಹಿಸಿ, ಆ ಸಮಯವನ್ನು ಬೇರೆ ಕೆಲಸಕ್ಕೆ ಕೊಡಿ.

ಹಂತ 10: ಬಿಡಬೇಕಾದಾಗ ಬಿಡಿ

ಬರೆದ ತೀರ್ಮಾನಗಳನ್ನು ಪದೇಪದೇ ನಿರಾಕರಿಸುವವರು, ಹೆಚ್ಚುವರಿ ಕೆಲಸ ಪಡೆದು ಶುಲ್ಕಕ್ಕೆ ತಕರಾರು ತೆಗೆಯುವವರು, ತೀರ್ಮಾನಿಸುವವರ ಹೆಸರನ್ನು ಕೊನೆಯವರೆಗೂ ಹೇಳದವರು ಇದ್ದೇ ಇರುತ್ತಾರೆ. ಇವರ ಕೆಲಸವನ್ನು ಗೊಂದಲವೆಂದು ಸಹಿಸುತ್ತಾ ಹೋದರೆ ಸ್ಪಷ್ಟವಾಗಿ ನಡೆದುಕೊಳ್ಳುವ ನಿಮ್ಮ ಇತರ ಗ್ರಾಹಕರ ಸಮಯ ಇವರ ಪಾಲಾಗುತ್ತದೆ. ಬಿಡುವ ನಿರ್ಧಾರವನ್ನು ಸಾಧ್ಯವಾದಷ್ಟು ಒಂದು ಹಂತ ಮುಗಿದಾಗ ತಿಳಿಸಿ, ಕೆಲಸದ ನಡುವೆ ಅಲ್ಲ. ಕಾರಣವನ್ನು ಒಂದೇ ವಾಕ್ಯದಲ್ಲಿ, ಕೆಲಸದ ರೀತಿಗೆ ಸೀಮಿತವಾಗಿ ಬರೆಯಿರಿ. ಹಣ ಸಂದ ಭಾಗದ ಎಲ್ಲ ಮೂಲ ಫೈಲುಗಳನ್ನು ಹೆಸರು ಮತ್ತು ದಿನಾಂಕದೊಂದಿಗೆ ಒಂದೇ ಫೋಲ್ಡರ್‌ನಲ್ಲಿ ಜೋಡಿಸಿ, ಯಾವ ತೀರ್ಮಾನಗಳು ಆಗಿವೆ, ಯಾವುವು ಬಾಕಿ ಇವೆ ಎಂಬ ಒಂದು ಪುಟದ ಪಟ್ಟಿಯೊಂದಿಗೆ ಒಪ್ಪಿಸಿ. ನಿಮ್ಮ ನಂತರ ಬರುವ ಫ್ರೀಲ್ಯಾನ್ಸರ್ ಮೊದಲು ತೆರೆಯಬೇಕಾದ ಫೈಲ್ ಆ ಪಟ್ಟಿ, ಆದ್ದರಿಂದ ಫೋಲ್ಡರ್‌ನಲ್ಲಿ ಅದನ್ನು ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಡಿ.